ಪಕ್ಕದ ಬ್ರೇಕು

ಮೇಷ್ಟ್ರ ಮನೆಯ ಸೋಫಾದ ಮುಂದೆ ಹಾಸಿದ್ದ ಕಾರ್ಪೆಟ್ಟಿನಲ್ಲಿ ಒಂದು ತೂತಿತ್ತು. ಇಲಿ ಕಡಿದದ್ದಲ್ಲ, ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟದ್ದೂ ಅಲ್ಲ. ಹನ್ನೆರಡು ವರ್ಷಗಳಿಂದ ಮೇಷ್ಟ್ರು ಸಂಜೆ ಮನೆಗೆ ಬಂದು, ಅದೇ ಮೂಲೆಯಲ್ಲಿ ಕೂತು, ಟೀವಿ ನೋಡುತ್ತ, ಬಲಗಾಲಿನ ಹಿಮ್ಮಡಿ ಊರಿ ಮುಂಗಾಲಿನಿಂದ ಒತ್ತಿ ಒತ್ತಿ ಮಾಡಿದ ತೂತು ಅದು. ಟೀವಿಯಲ್ಲಿ ಯಾರಾದರೂ ಮೆಟ್ಟಿಲು ಇಳಿದರೂ ಒತ್ತುವರು. ಅಡುಗೆಮನೆಯಲ್ಲಿ ಲೋಟ ಬಿದ್ದರೂ ಒತ್ತುವರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆಯುಂಟು. ನಮ್ಮ ಮೇಷ್ಟ್ರು ಮೆತ್ತನೆಯ ಹಾಸಿಗೆಯಲ್ಲಿ ಮಲಗಿಯೂ ಕಾಲು ಝಾಡಿಸಿ ಹೆಂಡತಿಯ ಹೊದಿಕೆ ಕಿತ್ತು ಹಾಕುತ್ತಿದ್ದರು.

ಅವರು ಶಾಲೆಯ ಮೇಷ್ಟ್ರಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಾರು ಓಡಿಸುವುದನ್ನು ಕಲಿಸುತ್ತ ಬಂದವರು. ಅವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು. ಕಲಿಯುವವರು ತಪ್ಪಿದರೆ ಕಲಿಸುವವರು ಒತ್ತಲಿ ಅಂತ ಇಟ್ಟದ್ದು. ದಿನಕ್ಕೆ ಎಂಟು ಗಂಟೆ ಮೇಷ್ಟ್ರ ಕಾಲು ಅದರ ಮೇಲೆ, ಮನಸ್ಸು ಮುಂದಿನ ಅಪಘಾತದ ಮೇಲೆ.

ಇದೆಲ್ಲ ಹೀಗೇ ನಡೆದು ಹೋಗುತ್ತಿತ್ತೋ ಏನೋ, ಸಾರಿಗೆ ಕಚೇರಿಯ ಗುಮಾಸ್ತ ಬಾಯಿ ಬಿಡದಿದ್ದರೆ. ಅವತ್ತು ಮೇಷ್ಟ್ರು ತಮ್ಮ ವಿದ್ಯಾರ್ಥಿನಿಯೊಬ್ಬರನ್ನು ಕರೆದುಕೊಂಡು ಕಿಟಕಿಯ ಮುಂದೆ ನಿಂತಿದ್ದರು. ಆಕೆ ಹೆರಿಗೆ ವಾರ್ಡಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ ನರ್ಸಮ್ಮ. ಅರವತ್ತಾರರ ವಯಸ್ಸಿಗೆ ಕಾರು ಕಲಿಯುವ ಹುಮ್ಮಸ್ಸು. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲಕ್ಕೆ ಅರ್ಜಿ ಹಾಕಲು ಬಂದಿದ್ದರು. ಗುಮಾಸ್ತ ಇಬ್ಬರನ್ನೂ ಒಮ್ಮೆ ನೋಡಿ ಕಾಗದ ಮುಂದೆ ತಳ್ಳಿದ.

"ಅಣ್ಣ-ತಂಗಿ ಇಬ್ಬರೂ ಇಲ್ಲೊಂದು ಸಹಿ ಹಾಕಿ."

ನರ್ಸಮ್ಮ ನಕ್ಕರು ನೋಡಿ, ಬೀಳದಿರಲು ಕಿಟಕಿಯ ಕಟ್ಟೆ ಹಿಡಿದುಕೊಳ್ಳಬೇಕಾಯಿತು. "ಇವರು ನನ್ನ ಮೇಷ್ಟ್ರು ಕಣಪ್ಪ. ನನ್ನನ್ನ ಇವರ ಅಕ್ಕ ಅಂದರೂ ಆಗ್ತಿತ್ತು, ಅದೂ ಸುಮಾರು ದೊಡ್ಡ ಅಕ್ಕ."

ಮೇಷ್ಟ್ರು ನಗಲಿಲ್ಲ. ಅವರಿಗೆ ಬರೀ ನಲವತ್ತೇಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣಿನ ಕೆಳಗೆ ಚೀಲ ಇಳಿಬಿದ್ದಿತ್ತು, ಕತ್ತು ತಿರುಗಿಸಿದರೆ ಕಟಕಟ ಅನ್ನುತ್ತಿತ್ತು. ಬಿದ್ದವನ ಮೇಲೆ ಇನ್ನೊಂದು ಕಲ್ಲು ಅನ್ನುವ ಹಾಗೆ ಅದೇ ಗುಮಾಸ್ತ ಅವರ ಹೆಸರಿನದೂ ಒಂದು ಕಾಗದ ಕೊಟ್ಟ. ಎಂಟು ವಾರದಲ್ಲಿ ಕಲಿಸುವವರ ಪರವಾನಗಿ ನವೀಕರಿಸಬೇಕು. ಈ ಸಲದಿಂದ ವೈದ್ಯ ಪರೀಕ್ಷೆ ಉಂಟು. ಬಿಪಿಯ ಮೇಲಿನ ಅಂಕಿ ನೂರೈವತ್ತು ದಾಟಿದರೆ ಪಕ್ಕದ ಸೀಟಿನಲ್ಲಿ ಕೂರುವ ಹಾಗಿಲ್ಲ.

ಮೇಷ್ಟ್ರಿಗೆ ಆ ಸೀಟು ಬಿಟ್ಟರೆ ಜಗತ್ತಿನಲ್ಲಿ ಬೇರೆ ಕುರ್ಚಿ ಗೊತ್ತಿರಲಿಲ್ಲ. ಸಂಜೆಯೇ ಹೋಗಿ ಬಿಪಿ ನೋಡಿಸಿಕೊಂಡರು. ನೂರ ಎಪ್ಪತ್ತೆರಡು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಮಾತಿನಲ್ಲಿ ಮುಲಾಜಿಲ್ಲ. "ನಿಮಗೆ ನಲವತ್ತೇಳು ಸರಿ. ನಿಮ್ಮ ರಕ್ತನಾಳಕ್ಕೆ ಅರವತ್ತು ದಾಟಿದ ಹಾಗಿದೆ. ಹೆದರಿಕೆ ಒಂದು ಗಳಿಗೆಗೆ ಒಳ್ಳೇದು, ಜೀವ ಉಳಿಸುತ್ತೆ. ವರ್ಷಗಟ್ಟಲೆ ಮೈ ಅದೇ ಬಿಗಿಯಲ್ಲಿದ್ದರೆ ಎಲ್ಲಾ ಬೇಗ ಸವೆದುಹೋಗುತ್ತೆ."

"ಸವೆದದ್ದು ವಾಪಸ್ ಬರುತ್ತಾ?" ಮೇಷ್ಟ್ರು ಕೇಳಿದರು.

"ಹೋದ ವರ್ಷ ಯಾರಿಗೂ ವಾಪಸ್ ಬರಲ್ಲ. ಬರೋ ವರ್ಷಗಳು ಎರಡೆರಡಾಗಿ ಓಡದ ಹಾಗೆ ನೋಡ್ಕೋಬಹುದು. ಮಾತ್ರೆ ಕೊಡ್ತೀನಿ, ಅದು ಅರ್ಧ ಕೆಲಸ ಮಾಡುತ್ತೆ. ಇನ್ನರ್ಧ ನಿಮ್ಮದು. ನಡೀರಿ, ನಿದ್ದೆ ಮಾಡಿ, ನಿಧಾನವಾಗಿ ಉಸಿರಾಡಿ, ಮೈ ಸಡಿಲ ಬಿಡಿ."

ಮೈ ಸಡಿಲ ಬಿಡುವುದನ್ನು ಮೇಷ್ಟ್ರು ಹಲ್ಲು ಕಚ್ಚಿ ಶುರು ಮಾಡಿದರು. ಬೆಳಿಗ್ಗೆ ಉದ್ಯಾನದಲ್ಲಿ ನಡೆಯಲು ಹೋದವರು ಮುಂದೆ ಹೋಗುತ್ತಿದ್ದವರನ್ನೆಲ್ಲ ಹಿಂದೆ ಹಾಕಿ, ತಿರುವಿನಲ್ಲಿ ಕೈ ತೋರಿಸದೆ ತಿರುಗಿದ ಒಬ್ಬ ಮುದುಕರಿಗೆ ಬುದ್ಧಿ ಹೇಳಿ ಬಂದರು. ನಿಧಾನವಾಗಿ ಉಸಿರಾಡಲು ಮೊಬೈಲಿನಲ್ಲಿ ಗಡಿಯಾರ ಇಟ್ಟುಕೊಂಡು, ಒಂದು ಸೆಕೆಂಡು ಹೆಚ್ಚುಕಮ್ಮಿಯಾದರೆ ಮತ್ತೆ ಮೊದಲಿಂದ ಶುರು ಮಾಡುವರು. ಮನೆಗೊಂದು ಬಿಪಿ ಯಂತ್ರವೂ ಬಂತು. ದಿನಕ್ಕೆ ಹನ್ನೊಂದು ಸಲ ತೋಳಿಗೆ ಪಟ್ಟಿ ಸುತ್ತುವರು. ಅಂಕಿ ನೋಡಿ ಗಾಬರಿ, ಗಾಬರಿಗೆ ಅಂಕಿ ಇನ್ನೂ ಮೇಲೆ.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಹಿಂದಿನಿಂದ ಇದನ್ನೆಲ್ಲ ನೋಡಿ ನೋಡಿ ಕೊನೆಗೆ ಹೇಳಿದಳು. "ರೀ, ನನಗೂ ಕಾಲಡಿ ಒಂದು ಪೆಡಲ್ ಇದೆ. ಬಟ್ಟೆ ಇದ್ದಾಗ ಒತ್ತುತೀನಿ, ಇಲ್ಲದಾಗ ತೆಗೀತೀನಿ. ನೀವು ಬಟ್ಟೆ ಇಲ್ಲದೆ ಹೊಲಿಯೋರು."

ಎರಡನೆಯ ವಾರದ ಕೊನೆಗೆ ನೂರ ಎಪ್ಪತ್ತನಾಲ್ಕು. ಡಾಕ್ಟರಮ್ಮ ಅವರು ಜೊತೆಗೆ ತಂದಿದ್ದ ಯಂತ್ರವನ್ನೇ ಕಿತ್ತು ತನ್ನ ಮೇಜಿನ ಖಾನೆಯಲ್ಲಿಟ್ಟುಕೊಂಡಳು. "ವಾರಕ್ಕೊಂದು ಸಲ ಇಲ್ಲಿಗೇ ಬನ್ನಿ" ಅಂದಳು.

ಇನ್ನು ಆರೇ ವಾರ. ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಆ ಮುಖ ಹೊತ್ತುಕೊಂಡೇ ಮರುದಿನ ನರ್ಸಮ್ಮನ ಪಾಠಕ್ಕೆ ಹೋದರು. ಪಾಠ ನಡೆಯುವುದು ಊರಾಚೆಯ ಅಭ್ಯಾಸದ ಅಂಗಳದಲ್ಲಿ. ಸಿಮೆಂಟು ನೆಲದ ಮೇಲೆ ಬಿಳಿ ಗೆರೆ, ಕಿತ್ತಳೆ ಬಣ್ಣದ ರಬ್ಬರ್ ಕೋನುಗಳು. ಗುದ್ದಿದರೂ ಅಯ್ಯೋ ಅನ್ನುವವರು ಯಾರೂ ಇಲ್ಲ. ನರ್ಸಮ್ಮ ಎರಡು ಸುತ್ತು ಹೊಡೆದು ಕಾರು ನಿಲ್ಲಿಸಿ, ಸ್ಟೀರಿಂಗಿನಿಂದ ಕೈ ತೆಗೆದರು.

"ಮೇಷ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಜೊತೆ ಓಡಿಸುವಾಗ ಈ ಕಾರು ಬೆಣ್ಣೆ ಹಾಗೆ ನಿಲ್ಲುತ್ತೆ. ಪರೀಕ್ಷೆ ದಿನ ಇದೇ ಕಾರು ಹೋರಿ ಆಗುತ್ತೆ. ಯಾಕೆ?"

"ಪರೀಕ್ಷೆ ಅಂದರೆ ಭಯ ಇರುತ್ತಲ್ಲಮ್ಮ."

"ನನಗೆ ಭಯವಾ? ನಾನು ಅವಳಿ-ಜವಳಿನ ಲಿಫ್ಟಿನಲ್ಲಿ ಹೆರಿಗೆ ಮಾಡಿಸಿದೋಳು." ನರ್ಸಮ್ಮ ಬಗ್ಗಿ ಅವರ ಕಾಲ ಕಡೆ ನೋಡಿದರು. "ಹೆದರಿದೋರು ಬಾಯಲ್ಲಿ ಸುಳ್ಳು ಹೇಳಬಹುದು, ಕಾಲಲ್ಲಿ ಹೇಳೋಕಾಗಲ್ಲ. ನಿಮ್ಮ ಕಾಲು ನನ್ನ ಕಾಲಿಗಿಂತ ಮೊದಲೇ ಒತ್ತುತಾ ಇದೆ. ಅಲ್ಲೊಂದು ವೈರು ನೇತಾಡ್ತಾ ಇದೆಯಲ್ಲ, ಅದೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರಲ್ಲ, ಮೇಷ್ಟ್ರು ಥಟ್ಟನೆ ಕಾಲು ಹಿಂದೆಗೆದುಕೊಂಡರು. ಅದು ಬಜರಿನ ವೈರು. ಪಕ್ಕದ ಬ್ರೇಕು ಒತ್ತಿದರೆ ಗುಂಯ್ ಅಂತ ಸದ್ದು ಬರಬೇಕು. ಕಾರು ನಿಲ್ಲಿಸಿದ್ದು ಕಲಿಯುವವನೋ ಕಲಿಸುವವನೋ ಎಲ್ಲರಿಗೂ ತಿಳಿಯಲಿ ಅಂತ. ಹನ್ನೆರಡು ವರ್ಷದ ಹಿಂದೆ ಒಬ್ಬ ಹೊಸಬ ನಿಂತಿದ್ದ ಹಾಲಿನ ವ್ಯಾನಿಗೆ ಗುದ್ದಿದ್ದ. ಮೇಷ್ಟ್ರ ಕಾಲು ರೆಪ್ಪೆ ಬಡಿಯುವಷ್ಟು ತಡವಾಗಿತ್ತು. ಯಾರಿಗೂ ಏಟಾಗಲಿಲ್ಲ, ಆದರೆ ಗುದ್ದಿದ ಜಾಗದಲ್ಲಿ ವ್ಯಾನಿನವನು ಒಂದು ಗಳಿಗೆ ಮುಂಚೆ ನಿಂತಿದ್ದ. ಮರುದಿನದಿಂದ ಮೇಷ್ಟ್ರ ಕಾಲು ಪೆಡಲಿನಿಂದ ಇಳಿಯಲೇ ಇಲ್ಲ. ಬಜರು ಎಡೆಬಿಡದೆ ಗುಂಯ್‌ಗುಟ್ಟತೊಡಗಿದಾಗ ವೈರು ಕಿತ್ತರು. ಪರೀಕ್ಷೆಯ ದಿನ ಮಾತ್ರ ನಿಯಮದಂತೆ ಸಿಕ್ಕಿಸುವರು, ಸಂಜೆ ಮತ್ತೆ ಕೀಳುವರು.

ಇದನ್ನೆಲ್ಲ ಕೇಳಿ ನರ್ಸಮ್ಮ ಹೇಳಿದ್ದು ಒಂದೇ ಮಾತು. "ಸಿಕ್ಕಿಸಿ ನೋಡೋಣ."

ಆ ಒಂದು ಗಂಟೆಯಲ್ಲಿ ಬಜರು ನಲವತ್ತೊಂದು ಸಲ ಕೂಗಿತು. ಖಾಲಿ ಅಂಗಳದಲ್ಲಿ, ರಬ್ಬರ್ ಕೋನುಗಳ ನಡುವೆ, ನಲವತ್ತೊಂದು ಸಲ. ಮೇಷ್ಟ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅದಕ್ಕಿಂತ ದೊಡ್ಡ ಏಟು ಇನ್ನೊಂದಿತ್ತು. ಅವರ ವಿದ್ಯಾರ್ಥಿಗಳಲ್ಲಿ ಮೂವರಿಗೆ ಒಬ್ಬರಷ್ಟೇ ಪಾಸಾಗುತ್ತಿದ್ದರು, ಉಳಿದವರನ್ನು ಅವರು ದಡ್ಡರೆಂದೇ ಬಗೆದಿದ್ದರು. ಪಾಪ, ಕಲಿಯುವವರಿಗೆ ತಮ್ಮ ಕಾಲಿನಿಂದ ಕಾರು ನಿಲ್ಲಿಸಿ ಗೊತ್ತೇ ಇರಲಿಲ್ಲ.

"ಒಂದು ಒಪ್ಪಂದ ಮಾಡ್ಕೊಳ್ಳೋಣ" ಅಂದರು ನರ್ಸಮ್ಮ. "ಪಾದ ಪೆಡಲಿನ ಮೇಲೆ ಬೇಡ, ಪಕ್ಕದಲ್ಲಿ ನೆಲದ ಮೇಲಿರಲಿ. ನನ್ನ ಕಾಲಿಗೆ ಒಂದೇ ಒಂದು ಕ್ಷಣ ಕೊಡಿ. ಅದು ಬರಲಿಲ್ಲ ಅಂದರೆ ಧಾರಾಳವಾಗಿ ಒತ್ತಿ."

ಒಂದು ಕ್ಷಣ ಅಂದರೆ ಎಷ್ಟು ಉದ್ದ ಅನ್ನುವುದು ಮೇಷ್ಟ್ರಿಗೆ ಆಮೇಲೆ ಗೊತ್ತಾಯಿತು. ಕಿತ್ತಳೆ ಕೋನು ಎದುರಿಗೆ ಬರುತ್ತಿದೆ, ಪಾದದಲ್ಲಿ ಇರುವೆ ಬಿಟ್ಟ ಹಾಗಾಗುತ್ತಿದೆ, ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದೆ. ಈಗ ಒತ್ತಬೇಕು, ಈಗ, ಈಗ. ಅಷ್ಟರಲ್ಲಿ ಕಾರು ನಿಂತಿತು. ಬಜರು ಕೂಗಿರಲಿಲ್ಲ.

"ಯಾರು ನಿಲ್ಲಿಸಿದ್ದು?" ನರ್ಸಮ್ಮ ಕೇಳಿದರು.

"ನೀವು."

"ಮತ್ತೊಂದು ಸಲ ಹೇಳಿ, ಕಿವಿಗೆ ಇಂಪಾಗಿದೆ."

ಅವತ್ತಿನಿಂದ ಮನೆಯಲ್ಲಿ ಹಬ್ಬವೋ ಹಬ್ಬ. ಹದಿನಾರು ವರ್ಷದ ಮಗಳು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ, ಬಜರಿನ ಲೆಕ್ಕ ಬರೆಯಲು ಗೋಡೆಗೆ ಅಂಟಿಸಿದಳು. ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಹಾರಿ ಬರುತ್ತಿತ್ತು.

"ಅಪ್ಪ, ಇವತ್ತೆಷ್ಟು?"

ನರ್ಸಮ್ಮನ ಗಂಟೆಗೆ ಮೂವತ್ಮೂರು. ಆಮೇಲೆ ಇಪ್ಪತ್ತೆಂಟು. ಒಂದು ದಿನ ಹನ್ನೊಂದಕ್ಕೆ ಇಳಿದು ಮಾರನೆಯ ದಿನ ಮತ್ತೆ ಹತ್ತೊಂಬತ್ತಕ್ಕೆ ಏರಿತು. ಅವತ್ತು ಮಗಳ ಮುಖ ಸಪ್ಪಗಾಯಿತು. ಹೆಂಡತಿ ಕಾರ್ಪೆಟ್ಟಿನ ತೂತಿಗೆ ಕೆಂಪು ಬಟ್ಟೆಯ ತೇಪೆ ಹಾಕಿದಳು. ಟೀವಿ ನೋಡುವಾಗ ಮೇಷ್ಟ್ರ ಕಾಲು ಆ ತೇಪೆ ಒತ್ತಿದರೆ ತಾಯಿ-ಮಗಳು ಒಟ್ಟಿಗೆ ಗುಂಯ್ ಅನ್ನುವರು. ಮೊದಮೊದಲು ಮೇಷ್ಟ್ರು ಸಿಡುಕಿದರು. ಆಮೇಲೆ ಅವರಿಗೇ ನಗು ಬಂತು. ಆ ಮನೆಯಲ್ಲಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಎಷ್ಟು ವರ್ಷದ ಮೇಲೋ, ಹೆಂಡತಿ ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ಬಜರನ್ನು ಈಗ ಎಲ್ಲ ವಿದ್ಯಾರ್ಥಿಗಳ ಪಾಠಕ್ಕೂ ಸಿಕ್ಕಿಸಿಯೇ ಇಡುತ್ತಿದ್ದರು, ಬೀದಿಯಲ್ಲೂ. ಆದರೆ ಒಂದು ಅಳುಕು ಒಳಗೇ ಕೊರೆಯುತ್ತಿತ್ತು. ಸಡಿಲ ಬಿಟ್ಟ ಕಾಲು ಬೇಕಾದ ಹೊತ್ತಿಗೆ ಬರದಿದ್ದರೆ? ಇನ್ನೊಂದು ಹಾಲಿನ ವ್ಯಾನು ಎದುರಾದರೆ?

ಐದನೆಯ ವಾರ ಅದಕ್ಕೂ ಉತ್ತರ ಸಿಕ್ಕಿತು. ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ತರುಣ ಸ್ಟೀರಿಂಗ್ ಹಿಡಿದಿದ್ದ. ಮುಂದೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಿತು. ತರುಣ ಗಾಬರಿಯಲ್ಲಿ ಬ್ರೇಕು ಬಿಟ್ಟು ಆಕ್ಸಿಲರೇಟರು ಒತ್ತಿದ. ಮೇಷ್ಟ್ರು ಯೋಚಿಸಲೂ ಇಲ್ಲ. ಕಾಲು ತಾನಾಗಿ ಎದ್ದು ಪೆಡಲಿನ ಮೇಲೆ ಕೂತಿತು, ಬಜರು ಗುಂಯ್ ಅಂದಿತು, ಬಸ್ಸಿಗೂ ಕಾರಿಗೂ ನಡುವೆ ಒಂದು ಗೇಣು ಜಾಗ ಉಳಿಯಿತು. ತರುಣ ಸ್ಟೀರಿಂಗ್ ಬಿಟ್ಟು ಮುಖ ಮುಚ್ಚಿಕೊಂಡ. ಮೇಷ್ಟ್ರು ಆರಾಮವಾಗಿ ಕೈ ಚಾಚಿ ಕೈಬ್ರೇಕು ಎಳೆದರು. ಸದಾ ಬಿಗಿದು ಮರಗಟ್ಟಿದ ಕಾಲಿಗಿಂತ ಬಿಡುವಾಗಿ ಕೂತ ಕಾಲು ಬೇಗ ಬರುತ್ತದೆ ಅನ್ನುವುದು ಅವತ್ತು ಅವರಿಗೆ ಮನದಟ್ಟಾಯಿತು, ಆ ಸಂತೋಷಕ್ಕೆ ತರುಣನಿಗೆ ಒಂದು ಬಾಟಲಿ ನೀರು ಕೊಡಿಸಿ ಬೆನ್ನು ತಟ್ಟಿದರು.

"ಇವತ್ತೆಷ್ಟು, ಅಪ್ಪ?"

"ಇಡೀ ದಿನಕ್ಕೆ ಒಂದು" ಅಂದರು ಮೇಷ್ಟ್ರು. "ಅದೂ ನ್ಯಾಯವಾದದ್ದು."

ಡಾಕ್ಟರಮ್ಮನ ಮೇಜಿನ ಮೇಲೂ ಅಂಕಿ ಇಳಿಯತೊಡಗಿತ್ತು. ನೂರ ಅರವತ್ತೆಂಟು, ನೂರ ಅರವತ್ತೊಂದು, ನೂರ ಐವತ್ತೇಳು. ಉದ್ಯಾನದಲ್ಲಿ ಮುದುಕರು ಮೇಷ್ಟ್ರನ್ನು ಹಿಂದೆ ಹಾಕತೊಡಗಿದರು. ಮಾತ್ರೆ ತಪ್ಪಲಿಲ್ಲ, ನಡಿಗೆ ತಪ್ಪಲಿಲ್ಲ. ಹೆಂಡತಿಯ ಹೊದಿಕೆ ಬೆಳಗಿನ ತನಕ ಅವಳ ಮೈ ಮೇಲೆ ಇರತೊಡಗಿತು. ಏಳನೆಯ ವಾರದ ಕೊನೆಗೆ ನೂರ ಐವತ್ನಾಲ್ಕು.

ಇನ್ನು ನಾಲ್ಕು ಇಳಿದರೆ ಸಾಕು. ಉಳಿದದ್ದು ಒಂದೇ ವಾರ.

ಆ ದಿನ ಬಂದೇ ಬಂತು. ನೋಡಿ ಗ್ರಹಚಾರ, ನರ್ಸಮ್ಮನ ಪರೀಕ್ಷೆ ಹತ್ತು ಗಂಟೆಗೆ, ಮೇಷ್ಟ್ರ ವೈದ್ಯ ಪರೀಕ್ಷೆ ಹನ್ನೊಂದಕ್ಕೆ, ಎರಡೂ ಅದೇ ಕಚೇರಿಯಲ್ಲಿ. ಹೆಂಡತಿ ಹೊಲಿಗೆ ಬಿಟ್ಟು ಜೊತೆಗೆ ಬಂದಿದ್ದಳು.

"ನೀವು ಕಾರು ಹತ್ತಬೇಡಿ. ನೆರಳಲ್ಲಿ ಕಣ್ಣು ಮುಚ್ಚಿ ಕೂತ್ಕೊಳ್ಳಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿ."

"ಕಲಿಸಿದೋರು ಹಿಂದಿನ ಸೀಟಲ್ಲಿ ಕೂರಬೇಕು ಅಂತ ನಿಯಮ ಇದೆ ಕಣೇ."

"ನಿಮ್ಮ ನಿಯಮಕ್ಕಿಷ್ಟು" ಅಂದಳು ಅವಳು, ಆದರೂ ಅವರ ಅಂಗಿಯ ಕಾಲರು ಸರಿ ಮಾಡಿದಳು.

ಪರೀಕ್ಷಕರು ಮೇಷ್ಟ್ರ ಜಾಗದಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಪೆಡಲು ಇಲ್ಲ, ಬಜರಿಲ್ಲ, ಏನೂ ಇಲ್ಲ. ಎರಡು ಮೊಣಕಾಲು, ಅದರ ಮೇಲೆ ಎರಡು ಕೈ. ನರ್ಸಮ್ಮ ಕನ್ನಡಿ ಸರಿಮಾಡುವ ನೆಪದಲ್ಲಿ ಅವರನ್ನು ಒಮ್ಮೆ ನೋಡಿ ಕಣ್ಣು ಹೊಡೆದರು. ಕಾರು ಹೊರಟಿತು. ಏರಿನಲ್ಲಿ ನಿಂತು ಹಿಂದೆ ಜಾರದೆ ಎದ್ದಿತು. ಹಿಮ್ಮುಖವಾಗಿ ಗೆರೆಯೊಳಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸೇರಿತು. ಮೇಷ್ಟ್ರಿಗೆ ಖುಷಿ ತಡೆಯಲಾಗುತ್ತಿಲ್ಲ, ತುಟಿ ಕಚ್ಚಿ ಹಿಡಿದಿದ್ದಾರೆ. ಕೊನೆಯ ಬೀದಿ. ರಸ್ತೆ ಬದಿಗೆ ಸಾಮಾನಿನ ವ್ಯಾನೊಂದು ನಿಂತಿದೆ. ಅದರ ಬಾಗಿಲು ಧಡಕ್ಕನೆ ತೆರೆಯಿತು, ಒಬ್ಬ ದೊಡ್ಡ ಪೆಟ್ಟಿಗೆ ಹೊತ್ತುಕೊಂಡು ಹಿಂದೆ ಮುಂದೆ ನೋಡದೆ ರಸ್ತೆಗೆ ಇಳಿದ.

ಹನ್ನೆರಡು ವರ್ಷದ ಹಿಂದಿನ ಆ ಗಳಿಗೆ ಮೇಷ್ಟ್ರ ಕಣ್ಣ ಮುಂದೆ ಮತ್ತೆ ಬಂದು ನಿಂತಿತು. ಪರೀಕ್ಷಕರ ಕಾಲು ಮೇಲೇಳುವುದು ಕಂಡಿತು. ಬಜರು ಕೂಗಲಿಲ್ಲ. ಅಷ್ಟರೊಳಗೆ ಕಾರು ನಿಂತುಬಿಟ್ಟಿತ್ತು. ನರ್ಸಮ್ಮ ಕಿಟಕಿ ಇಳಿಸಿ, "ಅಪ್ಪಾ, ಪೆಟ್ಟಿಗೆ ಭಾರ ಇದೆಯಾ? ನಿಧಾನ" ಅಂತ ಅವನಿಗೆ ದಾರಿ ಬಿಟ್ಟರು. ಮೇಷ್ಟ್ರು ತಲೆ ತಗ್ಗಿಸಿ ತಮ್ಮ ಬಲಗಾಲನ್ನು ನೋಡಿಕೊಂಡರು. ಅದು ಇಟ್ಟಲ್ಲೇ ಇತ್ತು.

ಫಲಿತಾಂಶ ಅರ್ಧ ಗಂಟೆ ಬಿಟ್ಟು ಹೇಳುತ್ತೇವೆ ಅಂದರು. ಮೇಷ್ಟ್ರು ಅದೇ ಉಬ್ಬಿನಲ್ಲಿ ಮೆಟ್ಟಿಲು ಹತ್ತಿ ವೈದ್ಯಾಧಿಕಾರಿಯ ಕೋಣೆಗೆ ನುಗ್ಗಿದರು. ಪಟ್ಟಿ ಬಿಗಿಯಿತು, ಸಡಿಲಿತು.

"ನೂರ ಐವತ್ತೆಂಟು" ಅಂದರು ಅಧಿಕಾರಿ.

ಆಕಾಶ ಕಳಚಿ ತಲೆಯ ಮೇಲೆ ಬಿದ್ದಂತಾಯಿತು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು. "ಮೆಟ್ಟಿಲು ಹತ್ತಿ ಬಂದಿದ್ದೀರಿ. ಹೊರಗೆ ಹತ್ತು ನಿಮಿಷ ಮಾತಾಡದೆ ಕೂತು ಬನ್ನಿ. ಇನ್ನೊಂದೇ ಸಲ ನೋಡ್ತೀನಿ."

ಹೊರಗಿನ ಬೆಂಚಿನಲ್ಲಿ ಹೆಂಡತಿ ಏನೋ ಕೇಳಲು ಬಾಯಿ ತೆರೆದಳು. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ವಾರ್ಡಿನ ದನಿಯಲ್ಲಿ ಮೆಲ್ಲಗೆ ಹೇಳಿದರು. "ಬೆನ್ನು ಒರಗಿಸಿ. ಎರಡೂ ಪಾದ ನೆಲಕ್ಕೆ. ಏನೂ ಮಾಡಬೇಡಿ. ಈಗ ಓಡಿಸೋ ಕೆಲಸ ನಿಮ್ಮದಲ್ಲ."

ಮೇಷ್ಟ್ರು ಕಣ್ಣು ಮುಚ್ಚಿದರು. ಅಂಕಿ ಬಂತು, ಹೋಯಿತು. ಕೆಲಸ ಹೋದರೆ ಏನು ಗತಿ ಅನ್ನುವುದೂ ಬಂತು. ಕಿತ್ತಳೆ ಕೋನಿನ ಹಾಗೆ ಎದುರಿಗೇ ಬಂತು. ಅವರು ಅದಕ್ಕೆ ಒಂದು ಕ್ಷಣ ಕೊಟ್ಟರು. ಅದು ಗುದ್ದಲಿಲ್ಲ, ತಾನಾಗಿ ನಿಂತಿತು. ಪಕ್ಕದಲ್ಲಿ ಹೆಂಡತಿಯ ಭುಜ ಬೆಚ್ಚಗಿತ್ತು. ಎಲ್ಲೋ ಒಂದು ಮುದ್ರೆ ಟಪ್ ಟಪ್ ಅಂತ ಕಾಗದದ ಮೇಲೆ ಬೀಳುತ್ತಿತ್ತು. ಹೆಸರು ಕೂಗಿದಾಗ ಇಷ್ಟು ಬೇಗ ಹತ್ತು ನಿಮಿಷವಾಯಿತೇ ಅಂತ ಅವರಿಗೆ ಆಶ್ಚರ್ಯವಾಯಿತು.

ಪಟ್ಟಿ ಮತ್ತೆ ಬಿಗಿಯಿತು. ಅಧಿಕಾರಿ ಅಂಕಿಯನ್ನು ಬಾಯಲ್ಲಿ ಹೇಳಲಿಲ್ಲ, ಕಾಗದದ ಮೇಲೆ ಬರೆದರು. ನೂರ ನಲವತ್ತಾರು. ಪಕ್ಕದಲ್ಲಿ ಸಹಿ, ಮೇಲೊಂದು ಮುದ್ರೆ.

ಮೇಷ್ಟ್ರು ಹೊರಗೆ ಬಂದಾಗ ನರ್ಸಮ್ಮನ ಕೈಯಲ್ಲೂ ಒಂದು ಕಾಗದವಿತ್ತು. ಇಬ್ಬರೂ ಪರಸ್ಪರ ಕಾಗದ ತೋರಿಸಿಕೊಂಡರು. ನರ್ಸಮ್ಮ ಕಚೇರಿಯ ಆ ಪಡಸಾಲೆಯಲ್ಲೇ ಮೇಷ್ಟ್ರ ಹೆಂಡತಿಯನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟರು. ಕಿಟಕಿಯ ಆಚೆಯ ಗುಮಾಸ್ತ ಎದ್ದು ನಿಂತು ನೋಡಿದ.

"ಮನೆ ತನಕ ನಾನೇ ಓಡಿಸ್ತೀನಿ" ಅಂದರು ನರ್ಸಮ್ಮ. "ಇನ್ನು ನನ್ನನ್ನ ತಡೆಯೋರು ಯಾರು?"

ಅವರು ಸ್ಟೀರಿಂಗ್ ಹಿಡಿದರು, ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು, ಹೆಂಡತಿ ಹಿಂದೆ. ಮಧ್ಯಾಹ್ನದ ಬೀದಿಯಲ್ಲಿ ಬಸ್ಸು, ಲಾರಿ, ಸೈಕಲ್ಲು, ಹಾರನ್ನು, ತಳ್ಳುಗಾಡಿ, ಯಾವುದಕ್ಕೂ ಕೊರತೆಯಿಲ್ಲ. ಹೆಂಡತಿ ಹಿಂದಿನ ಸೀಟಿನಲ್ಲಿ ತುದಿಗಾಲಲ್ಲಿ ಕೂತು, ಮಗಳಿಗೆ ಫೋನ್ ಮಾಡಿ ಸುದ್ದಿ ಹೇಳಿ, ಅವಳ ಕೂಗಾಟ ಅಪ್ಪನೂ ಕೇಳಲಿ ಅಂತ ಫೋನನ್ನು ಮುಂದೆ ಹಿಡಿದಳು. ಮೇಷ್ಟ್ರು ಕೈ ಚಾಚಲಿಲ್ಲ. ಅವಳ ಎದೆ ಧಸಕ್ಕೆಂದಿತು. ಬಗ್ಗಿ ನೋಡಿದಳು.

ಮೇಷ್ಟ್ರ ತಲೆ ಕಿಟಕಿಗೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎದೆ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಬಲಗಾಲು ಚಪ್ಪಲಿಯಿಂದ ಹೊರಬಂದು, ಪೆಡಲಿನ ಪಕ್ಕದಲ್ಲಿ ಅಡ್ಡಕ್ಕೆ ಬಿದ್ದುಕೊಂಡಿತ್ತು. ಹಾರನ್ನು ಕೂಗಿತು, ಅದು ಅಲುಗಲಿಲ್ಲ.

ಅವಳು ಫೋನು ಆರಿಸಿದಳು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ಕಾರು ತಿರುವು ತಿರುಗಿ ಮನೆಯ ಗೇಟಿನ ಎದುರಿಗೆ ಬಂತು. ನರ್ಸಮ್ಮ ವೇಗ ತಗ್ಗಿಸಿದರು.

"ನಿಲ್ಲಿಸಬೇಡಿ, ಅಕ್ಕ" ಅಂದಳು ಅವಳು ಪಿಸುದನಿಯಲ್ಲಿ. "ಇನ್ನೊಂದು ಸುತ್ತು ಹೋಗಿ ಬರೋಣ."